ಚಳಿಗಾಲದಲ್ಲಿ ಮನೆ ಖಾಲಿ ಬಿಟ್ಟು ಹೋಗುವ ಮುನ್ನ ಏನೇನು ಮಾಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ

ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿಳಿದು ಹಿಮ ಬೀಳುವ ಕಡೆ ನಮ್ಮದೊಂದು ಹಳೆಯ ಎರಡಂತಸ್ತಿನ ಇಟ್ಟಿಗೆ ಮನೆಯಿದೆ. ಈ ಸಲ ಚಳಿಗಾಲದ ನಡುವೆ ಕೆಲವು ವಾರ ಅಲ್ಲಿ ಯಾರೂ ಇರುವುದಿಲ್ಲ. ಅಡುಗೆಮನೆಯ ಸಿಂಕಿಗೆ ಹೋಗುವ ಪೈಪು ಹೊರಗೋಡೆಯ ಒಳಗೇ ಹಾದುಹೋಗಿದೆ. ಅಲ್ಲದೆ ಹೋದ ಚಳಿಗಾಲದಲ್ಲಿ ಮೇಲಂತಸ್ತಿನ ಒಂದು ಮೂಲೆ, ಸೂರಿಗೆ ತಾಗಿದ ಕಡೆ, ಒದ್ದೆಯಾಗಿ ಬಣ್ಣವೆಲ್ಲ ಎದ್ದುಬಂತು. ಮನೆ ಬೆಚ್ಚಗಿಡುವ ಹೀಟರನ್ನು ಸಣ್ಣಗೆ ಚಾಲೂ ಇಟ್ಟು ಹೋಗಬೇಕೇ, ನೀರನ್ನು ಪೂರ್ತಿ ಖಾಲಿ ಮಾಡಿ ಎಲ್ಲವನ್ನೂ ಆರಿಸಿ ಹೋಗಬೇಕೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಗೋಡೆಯ ಒದ್ದೆಗೆ ಕಾರಣವೇನಿರಬಹುದೆಂದೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಕೊಳಾಯಿ ಕೆಲಸ ಮಾಡುವವರೊಬ್ಬರು

ನೀರನ್ನು ಖಾಲಿ ಮಾಡಿ, ಹೀಟರನ್ನೂ ಸಣ್ಣಗೆ ಬಿಟ್ಟು ಹೋಗಿ ಎಂಬುದು ನನ್ನ ಸಲಹೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಹೀಟರನ್ನೊಂದೇ ನಂಬಿ ಹೋದರೆ ವಿದ್ಯುತ್ ಕೈಕೊಟ್ಟ ರಾತ್ರಿ ಪೈಪುಗಳನ್ನು ಕಾಯುವವರು ಯಾರೂ ಇರುವುದಿಲ್ಲ. ಒಂದು ಪೈಪು ಸೀಳಿದರೆ ಅದನ್ನು ಬದಲಿಸುವುದು ಅರ್ಧ ದಿನದ ಕೆಲಸ, ಆದರೆ ಸೀಳಿದ ಪೈಪಿನಿಂದ ಯಾರೂ ಇಲ್ಲದ ಮನೆಯಲ್ಲಿ ದಿನಗಟ್ಟಲೆ ನೀರು ಹರಿದರೆ ನೆಲ, ಕೆಳಂತಸ್ತಿನ ಚಾವಣಿ, ವೈರಿಂಗ್ ಎಲ್ಲವೂ ಹಾಳಾಗುತ್ತವೆ. ಮನೆಗೆ ನೀರು ಬರುವುದನ್ನೇ ನಿಲ್ಲಿಸುವ ಮೇನ್ ವಾಲ್ವ್ ಮುಚ್ಚಿದ್ದರೆ ಪೈಪಿನಲ್ಲಿ ಉಳಿದಿದ್ದ ಅಷ್ಟಿಷ್ಟು ನೀರು ಚೆಲ್ಲಿ ಅಲ್ಲಿಗೆ ಮುಗಿಯುತ್ತದೆ.

ಪೈಪು ಹೇಗೆ ಒಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಎಚ್ಚರಿಕೆಗಳೆಲ್ಲ ಅದನ್ನೇ ಅವಲಂಬಿಸಿವೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಸೀಳುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ, ಆದರೆ ನಾನು ಗೋಡೆ ಬಿಚ್ಚಿ ನೋಡಿದ ಕಡೆಗಳಲ್ಲಿ ಸೀಳು ಹೆಚ್ಚಾಗಿ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದೆ. ಗಡ್ಡೆ ಬೆಳೆಯುತ್ತ ಹೋದಂತೆ ಅದರ ಮುಂದಿನ ನೀರು ನಲ್ಲಿಯ ತನಕ ಸಿಕ್ಕಿಹಾಕಿಕೊಂಡು, ಹೋಗಲು ದಾರಿಯಿಲ್ಲದೆ ಒತ್ತಡ ಏರಿ, ಎಲ್ಲಿ ಪೈಪು ದುರ್ಬಲವಾಗಿದೆಯೋ ಅಲ್ಲಿ ಬಾಯಿ ಬಿಡುತ್ತದೆ. ತಾಮ್ರದ ಪೈಪಾದರೆ ಸೀಳು ಉದ್ದಕ್ಕೆ ಮೀನಿನ ಬಾಯಿಯಂತೆ ತೆರೆದುಕೊಂಡು, ತೆಳುವಾದ ಅಂಚುಗಳು ಹೊರಕ್ಕೆ ಹೊರಳಿರುತ್ತವೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗಿ ತಾಳಿಕೊಳ್ಳುತ್ತದೆ, ಆದರೆ ಅದರ ಜೋಡಣೆಯ ಫಿಟ್ಟಿಂಗುಗಳಿಗೆ ಆ ತಾಳಿಕೆಯಿಲ್ಲ. ಮನೆಯಲ್ಲಿ ಜನರಿರುವಾಗ ಕಡುಚಳಿಯ ರಾತ್ರಿ ನಲ್ಲಿಯಿಂದ ನೀರು ತೊಟ್ಟಿಕ್ಕಲು ಬಿಡಿ ಎಂದು ಹೇಳುವುದರ ಹಿಂದಿನ ಮುಖ್ಯ ಕಾರಣವೂ ಈ ಒತ್ತಡವೇ. ತೊಟ್ಟಿಕ್ಕುವ ನಲ್ಲಿ ಅದಕ್ಕೊಂದು ದಾರಿ ಮಾಡಿಕೊಡುತ್ತದೆ. ಬಿಸಿನೀರಿನ ಪೈಪೂ ಅದೇ ಗೋಡೆಯಲ್ಲಿದ್ದರೆ ಅದನ್ನೂ ತೊಟ್ಟಿಕ್ಕಿಸಬೇಕು.

ಹೊರಗಿನ ಉಷ್ಣತೆ ಸೊನ್ನೆ ಮುಟ್ಟಿದ ಕೂಡಲೇ ಗೋಡೆಯೊಳಗಿನ ಪೈಪು ಹೆಪ್ಪುಗಟ್ಟುವುದಿಲ್ಲ. ಸುಮಾರು ಮೈನಸ್ 6 ಅಥವಾ 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಅಪಾಯ ಶುರುವಾಯಿತೆಂದು ನಮ್ಮ ಕಸುಬಿನವರು ಎಣಿಸುತ್ತಾರೆ. ಆದರೆ ತಣ್ಣನೆಯ ಗಾಳಿ ನೇರವಾಗಿ ಪೈಪಿನ ಮೇಲೆ ಬೀಸುವಂತಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಗಾಳಿ ಬೀಸುವ ದಿನ ನಿಮ್ಮ ಸಿಂಕಿನ ಕೆಳಗಿನ ಕಪಾಟಿನಲ್ಲಿರುವುದನ್ನೆಲ್ಲ ತೆಗೆದು, ಕೈಯ ಹಿಂಬದಿಯನ್ನು ಒದ್ದೆ ಮಾಡಿಕೊಂಡು ಗೋಡೆಯ ಉದ್ದಕ್ಕೂ, ಅದರಲ್ಲೂ ಪೈಪು ಗೋಡೆ ಹೊಗುವ ತೂತಿನ ಸುತ್ತ ಆಡಿಸಿ ನೋಡಿ. ಎಲ್ಲಿ ಚಳಿ ಕಚ್ಚುತ್ತದೋ ಅಲ್ಲಿ ಸಂದಿದೆ. ಅದನ್ನು ಸೀಲಂಟಿನಿಂದ ಮುಚ್ಚುವುದು ಪೈಪಿಗೆ ಫೋಮ್ ಹೊದಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಫೋಮ್ ಹೊದಿಕೆಯ ಬಗ್ಗೆ ಒಂದು ಮಾತು. ಹೊದಿಕೆಗೆ ತನ್ನದೇ ಆದ ಶಾಖವಿಲ್ಲ, ಇರುವ ಶಾಖ ನಿಧಾನವಾಗಿ ಹೋಗುವಂತೆ ಮಾಡುತ್ತದೆ ಅಷ್ಟೇ. ಆದ್ದರಿಂದ ಹೊರಗೋಡೆಯಲ್ಲಿರುವ ಪೈಪಿಗೆ ಹೊರಮೈ ಕಡೆ ದಪ್ಪ ಹೊದಿಕೆಯಿರಬೇಕು, ಕೋಣೆಯ ಕಡೆ ಇರಬಾರದು. ಕೋಣೆಗೂ ಪೈಪಿಗೂ ನಡುವೆ ಹೊದಿಕೆ ತುಂಬಿದರೆ ಮನೆಯ ಬಿಸಿಯನ್ನೇ ಪೈಪಿಗೆ ತಲುಪದಂತೆ ತಡೆದಂತಾಗುತ್ತದೆ. ಹೊಸದಾಗಿ ಗೋಡೆ ಮುಚ್ಚಿಸುವವರಲ್ಲಿ ಹಲವರು ಇಲ್ಲಿಯೇ ಎಡವುತ್ತಾರೆ. ಕಪಾಟಿನ ಬಾಗಿಲನ್ನು ನೀವು ಹೋಗುವಾಗ ತೆರೆದಿಟ್ಟೇ ಹೋಗಿ.

ಖಾಲಿ ಮಾಡುವ ಕ್ರಮ ಹೀಗೆ. ಮೊದಲು ನೀರು ಕಾಯಿಸುವ ಹೀಟರಿನ ವಿದ್ಯುತ್ ಅಥವಾ ಗ್ಯಾಸ್ ಆರಿಸಿ, ಟ್ಯಾಂಕು ತಣ್ಣಗಾಗಲು ಬಿಡಿ. ಬಳಿಕ ಮೇನ್ ವಾಲ್ವ್ ಮುಚ್ಚಿ, ಮೇಲಂತಸ್ತಿನಿಂದ ಶುರುಮಾಡಿ ಪ್ರತಿಯೊಂದು ನಲ್ಲಿಯನ್ನೂ ತೆರೆಯುತ್ತ ಬನ್ನಿ, ಕೊನೆಗೆ ಅತ್ಯಂತ ಕೆಳಗಿರುವ ನಲ್ಲಿಯನ್ನು ತೆರೆಯಿರಿ. ಮೇಲಿನವು ತೆರೆದಿದ್ದರೆ ಮಾತ್ರ ಗಾಳಿ ಒಳಹೊಕ್ಕು ನೀರು ಇಳಿದುಹೋಗುತ್ತದೆ. ಹೀಟರಿನ ಟ್ಯಾಂಕಿಗೆ ಕೆಳಗಡೆ ಒಂದು ಡ್ರೈನ್ ಕಾಕ್ ಇರುತ್ತದೆ, ಅದಕ್ಕೆ ಹೋಸ್ ಪೈಪು ಸಿಕ್ಕಿಸಿ ಖಾಲಿ ಮಾಡಿ. ಕಮೋಡಿನ ಫ್ಲಶ್ ಟ್ಯಾಂಕನ್ನು ಒತ್ತಿ, ತಳದಲ್ಲಿ ನಿಂತ ನೀರನ್ನು ಸ್ಪಂಜಿನಿಂದ ತೆಗೆಯಿರಿ. ಬಟ್ಟೆ ತೊಳೆಯುವ ಯಂತ್ರದ ಪಂಪಿನಲ್ಲಿಯೂ ಅದರ ಕೊಳವೆಯಲ್ಲಿಯೂ ನೀರು ಉಳಿಯುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಹಳೆಯ ಮನೆಗಳಲ್ಲಿ ಪೈಪು ಅಲ್ಲಲ್ಲಿ ಜೋತುಬಿದ್ದು ತಗ್ಗಿನಲ್ಲಿ ನೀರು ನಿಂತಿರುವುದರಿಂದ, ಕಂಪ್ರೆಸರಿನ ಗಾಳಿ ಹಾಯಿಸಿ ಊದಿಸಿದರೆ ಒಳ್ಳೆಯದು.

ಸಿಂಕು, ಸ್ನಾನಗೃಹಗಳ ಕೆಳಗಿನ ಬಾಗಿನಲ್ಲಿ, ಅಂದರೆ ಟ್ರ್ಯಾಪಿನಲ್ಲಿ ನಿಂತ ನೀರು ಚರಂಡಿಯ ದುರ್ವಾಸನೆಯನ್ನು ತಡೆಯುತ್ತದೆ, ಹಾಗಾಗಿ ಅದನ್ನು ಬರಿದು ಮಾಡಿ ಬಿಡುವಂತಿಲ್ಲ. ಅಲ್ಲಿಗೆ ಮನೆಯ ಕೊಳಾಯಿಗೆಂದೇ ತಯಾರಾದ, ಪ್ರೊಪಿಲೀನ್ ಗ್ಲೈಕಾಲ್ ಇರುವ ಆಂಟಿಫ್ರೀಜ್ ಸುರಿಯಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್. ಅದು ವಿಷ, ಮನೆಯ ಕೊಳಾಯಿಗೆ ಎಂದೂ ಬೇಡ.

ಬಿಸಿನೀರು ಸುತ್ತುವ ರೇಡಿಯೇಟರುಗಳಿಂದ ನಿಮ್ಮ ಮನೆ ಬೆಚ್ಚಗಾಗುವುದಾದರೆ ಆ ಸುತ್ತಿನ ನೀರು ಬೇರೆ, ಹೀಟರ್ ಚಾಲೂ ಇಡುವಾಗ ಅದನ್ನು ಮುಟ್ಟಬೇಡಿ. ಮೇನ್ ವಾಲ್ವ್ ಮುಚ್ಚಿದ ಮೇಲೆ ಆ ಸುತ್ತಿಗೆ ಹೊಸ ನೀರು ಸೇರುವುದಿಲ್ಲವಾದ್ದರಿಂದ, ಹೋಗುವ ಮೊದಲೇ ಬಾಯ್ಲರಿನ ಒತ್ತಡ ಸರಿಯಾಗಿದೆಯೇ, ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಬಾಯ್ಲರ್ ಬಲ್ಲವರಿಂದ ನೋಡಿಸಿ.

ವರ್ಷವಿಡೀ ತೆರವಾಗಿರುವ ಮನೆಗಳ ಉಸ್ತುವಾರಿ ನೋಡುವವರೊಬ್ಬರು

ಮೇಲೆ ಹೇಳಿದ್ದು ಸರಿಯಾಗಿದೆ. ಹೀಟರಿನ ಉಷ್ಣತೆ ನಿಗದಿಪಡಿಸುವ ಥರ್ಮೋಸ್ಟಾಟನ್ನು 12–13 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಕೋಣೆಯ ನಡುವೆ 8 ಡಿಗ್ರಿ ಇದ್ದರೂ ಹೊರಗೋಡೆಯ ಒಳಗೆ ಸೊನ್ನೆಯಾಗಿರಬಹುದು. ಒಳಬಾಗಿಲುಗಳೆಲ್ಲ ತೆರೆದಿರಲಿ. ಉಷ್ಣತೆ ಇಳಿದರೆ ಮೊಬೈಲಿಗೆ ಸಂದೇಶ ಕಳುಹಿಸುವ ಸಣ್ಣ ಸೆನ್ಸರುಗಳಿವೆ, ಆದರೆ ಸಂದೇಶ ಬಂದಾಗ ಕೀಲಿಕೈ ಹಿಡಿದು ಹೋಗಬಲ್ಲವರೊಬ್ಬರು ಹತ್ತಿರದಲ್ಲಿ ಇಲ್ಲದಿದ್ದರೆ ದೂರದಲ್ಲಿ ಕುಳಿತು ಚಿಂತಿಸುವುದಷ್ಟೇ ಲಾಭ. ಆ ವ್ಯಕ್ತಿಗೆ ಮೇನ್ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂಬುದನ್ನು ಕೈಯಿಂದ ಮಾಡಿಸಿಯೇ ತೋರಿಸಿ. ಮನೆಗೆ ವಿಮೆಯಿದ್ದರೆ ಕರಾರನ್ನು ಓದಿ. ಖಾಲಿ ಬಿಟ್ಟ ಮನೆಯಲ್ಲಿ ಹೀಟರ್ ಚಾಲೂ ಇರಬೇಕು ಇಲ್ಲವೇ ನೀರು ಖಾಲಿ ಮಾಡಿರಬೇಕು ಎಂಬ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ.

ಹೊರಗಿನ ನಲ್ಲಿಗೆ ಸಿಕ್ಕಿಸಿದ ಹೋಸನ್ನು ತೆಗೆದಿಡುವುದು ಅತಿ ಚಿಕ್ಕ ಕೆಲಸ, ಅಷ್ಟೇ ಮುಖ್ಯವಾದದ್ದು. ಹೆಪ್ಪುಗಟ್ಟದಂತೆ ವಿನ್ಯಾಸ ಮಾಡಿದ ಉದ್ದ ಕೊಳವೆಯ ನಲ್ಲಿಗಳೂ ಹೋಸ್ ಸಿಕ್ಕಿಸಿದ್ದರೆ ನೀರನ್ನು ಹೊರಚೆಲ್ಲಲಾರದೆ ಗೋಡೆಯ ಒಳಗೇ ಒಡೆಯುತ್ತವೆ.

ಚಾವಣಿ ಕೆಲಸ ಬಲ್ಲವರೊಬ್ಬರು

ನಿಮ್ಮ ಗೋಡೆಯ ಒದ್ದೆಗೆ ಎರಡು ಕಾರಣಗಳಿರಬಹುದು, ಎರಡಕ್ಕೂ ಮೂಲ ಒಂದೇ: ಮನೆಯ ಬೆಚ್ಚನೆಯ ಗಾಳಿ ಅಟ್ಟಕ್ಕೆ ಏರುತ್ತಿದೆ.

ಮೊದಲನೆಯದು ಸೂರಿನ ಅಂಚಿನಲ್ಲಿ ಕಟ್ಟುವ ಮಂಜುಗಡ್ಡೆಯ ಒಡ್ಡು. ಅಟ್ಟ ಬೆಚ್ಚಗಾದರೆ ಚಾವಣಿಯ ಮೇಲಿನ ಹಿಮ ಕೆಳಗಿನಿಂದ ಕರಗುತ್ತದೆ. ಆ ನೀರು ಇಳಿಜಾರಿನಲ್ಲಿ ಹರಿದು ಬಂದು, ಗೋಡೆಯಿಂದಾಚೆ ಚಾಚಿರುವ ತಣ್ಣನೆಯ ಸೂರನ್ನು ಮುಟ್ಟಿದಾಗ ಮತ್ತೆ ಹೆಪ್ಪುಗಟ್ಟುತ್ತದೆ. ದಿನದಿಂದ ದಿನಕ್ಕೆ ಅಲ್ಲೊಂದು ಕಟ್ಟೆ ಬೆಳೆದು, ಅದರ ಹಿಂದೆ ನೀರು ನಿಂತು, ಹಂಚಿನ ಅಥವಾ ಹೊದಿಕೆಯ ಹಾಳೆಗಳ ಅಡಿಗೆ ಹಿಮ್ಮುಖವಾಗಿ ನುಗ್ಗುತ್ತದೆ. ಚಾವಣಿಯ ಹೊದಿಕೆಗಳು ಮೇಲಿನಿಂದ ಹರಿದು ಬರುವ ನೀರನ್ನು ತಡೆಯಲು ಮಾಡಿದವೇ ಹೊರತು ನಿಂತ ನೀರನ್ನಲ್ಲ. ಸೂರಿನಿಂದ ಉದ್ದುದ್ದದ ಮಂಜಿನ ಕೋಲುಗಳು ಇಳಿಬಿದ್ದಿರುವುದು, ಹಿಮ ಬಿದ್ದ ಮರುದಿನ ಚಾವಣಿಯ ಮೇಲೆ ಅಲ್ಲಲ್ಲಿ ಕರಗಿದ ತೇಪೆಗಳು ಕಾಣುವುದು ಇದರ ಗುರುತು.

ಎರಡನೆಯದು ಅಟ್ಟದೊಳಗಿನ ತೇವ. 20 ಡಿಗ್ರಿಯ, ಶೇಕಡಾ 50ರಷ್ಟು ಆರ್ದ್ರತೆಯ ಕೋಣೆಯ ಗಾಳಿಯಲ್ಲಿರುವ ಆವಿ ಸುಮಾರು 9 ಡಿಗ್ರಿಯ ಮೈಯನ್ನು ಮುಟ್ಟಿದರೆ ಸಾಕು, ನೀರಾಗುತ್ತದೆ. ಇನ್ನು ಸೊನ್ನೆಗಿಂತ ತಣ್ಣಗಿರುವ ಚಾವಣಿ ಹಲಗೆಯ ಒಳಮೈಗೆ ತಗುಲಿದರೆ ಹೇಳುವುದೇ ಬೇಡ, ಅಲ್ಲೇ ಇಬ್ಬನಿಗಡ್ಡೆಯಾಗಿ ಕೂತು, ಬಿಸಿಲು ಬಂದ ದಿನ ಕರಗಿ ಗೋಡೆಗೆ ಇಳಿಯುತ್ತದೆ. ಇದನ್ನು ಮೇಲಿನಿಂದ ಸೋರಿದ ನೀರೆಂದು ತಿಳಿದು ಚಾವಣಿಯ ಹೊದಿಕೆಯನ್ನೇ ಬದಲಿಸಿದವರನ್ನು ನೋಡಿದ್ದೇನೆ. ಒದ್ದೆ ಅಲ್ಲಿಯೇ ಉಳಿಯಿತು.

ಯಾವುದೆಂದು ತಿಳಿಯಲು ಕಡುಚಳಿಯ ಬೆಳಿಗ್ಗೆ ಟಾರ್ಚ್ ಹಿಡಿದು ಅಟ್ಟ ಹತ್ತಿ. ಹಲಗೆಯಿಂದ ಕೆಳಗೆ ಚಾಚಿರುವ ಮೊಳೆಗಳ ತುದಿಗಳನ್ನು ನೋಡಿ. ಅಟ್ಟದಲ್ಲಿ ಬೇಗ ತಣ್ಣಗಾಗುವುದು ಲೋಹವೇ ಆದ್ದರಿಂದ ತೇವವಿದ್ದರೆ ಮೊಳೆಗಳಿಗೆ ಬಿಳಿಯ ಹರಳುಗಳು ಅಂಟಿರುತ್ತವೆ, ಅವುಗಳ ಕೆಳಗೆ ನೆಲದ ಹೊದಿಕೆಯ ಮೇಲೆ ತೊಟ್ಟು ಬಿದ್ದ ಚುಕ್ಕೆ ಗುರುತುಗಳಿರುತ್ತವೆ. ಮೊಳೆಗಳು ಒಣಗಿದ್ದು ಸೂರಿನ ಕಡೆಯ ಹಲಗೆಯಷ್ಟೇ ಒದ್ದೆಯಾಗಿದ್ದರೆ ಒಡ್ಡಿನ ನೀರು ಎನ್ನಬಹುದು.

ಕೇಳಿದವರು

ಬಹಳ ಧನ್ಯವಾದಗಳು. ಇಂದು ಬೆಳಿಗ್ಗೆ ಅಟ್ಟ ಹತ್ತಿ ನೋಡಿದೆ. ನೀವು ಹೇಳಿದ ಹಾಗೆಯೇ ಮೊಳೆಗಳ ತುದಿಯಲ್ಲಿ ಹರಳುಗಳಿದ್ದವು, ಒದ್ದೆ ಮೂಲೆಯ ಮೇಲಿನ ಹಲಗೆ ಕಪ್ಪಾಗಿದೆ. ಸ್ನಾನಗೃಹದ ಫ್ಯಾನಿನ ಕೊಳವೆ ಹೊರಗೆ ಹೋಗದೆ ಅಟ್ಟದಲ್ಲಿಯೇ ಕೊನೆಗೊಂಡಿದೆ. ಸೂರಿನಲ್ಲಿ ಕೆಲವು ಮಂಜಿನ ಕೋಲುಗಳೂ ಇವೆ. ಸೂರಿನಡಿಯ ಗಾಳಿಕಿಂಡಿಗಳಿಂದ ಚಳಿ ಬರುತ್ತಿದೆಯೆಂದು ಅವನ್ನು ಮುಚ್ಚಿಬಿಡೋಣವೇ ಎಂಬ ಯೋಚನೆಯೂ ಇದೆ.

ಚಾವಣಿ ಕೆಲಸ ಬಲ್ಲವರು

ಕಿಂಡಿಗಳನ್ನು ದಯವಿಟ್ಟು ಮುಚ್ಚಬೇಡಿ. ಅಟ್ಟ ಹೊರಗಿನಷ್ಟೇ ತಣ್ಣಗಿರಬೇಕು, ಆಗಲೇ ಹಿಮ ಕರಗದೆ ಉಳಿಯುತ್ತದೆ, ತಪ್ಪಿಸಿಕೊಂಡು ಮೇಲೆ ಬಂದ ತೇವವೂ ಹೊರಹೋಗುತ್ತದೆ. ಬೆಚ್ಚಗಿರಬೇಕಾದದ್ದು ಅಟ್ಟದ ನೆಲದಿಂದ ಕೆಳಗಿನ ಭಾಗ.

ಫ್ಯಾನಿನ ಕೊಳವೆಯೇ ನಿಮ್ಮ ಮೊದಲ ಅಪರಾಧಿ. ಪ್ರತಿ ಸ್ನಾನದ ಆವಿಯನ್ನೂ ಅದು ತಣ್ಣನೆಯ ಹಲಗೆಗೆ ಊದುತ್ತಿದೆ. ಅದನ್ನು ಚಾವಣಿ ಅಥವಾ ಗೋಡೆಯ ಮೂಲಕ ಹೊರಕ್ಕೆ ಒಯ್ದು, ಅಟ್ಟದಲ್ಲಿ ಹಾಯುವ ಭಾಗಕ್ಕೆ ಹೊದಿಕೆ ಸುತ್ತಿಸಿ. ಎರಡನೆಯ ಕೆಲಸ ಸಂದುಗಳನ್ನು ಮುಚ್ಚುವುದು: ಅಟ್ಟ ಹತ್ತುವ ಬಾಗಿಲಿನ ಅಂಚು, ದೀಪದ ಪೆಟ್ಟಿಗೆಗಳು, ವೈರು ಮತ್ತು ಪೈಪುಗಳು ಮೇಲಕ್ಕೆ ಬರುವ ತೂತುಗಳು. ಹೊಗೆಕೊಳವೆಯ ಸುತ್ತಲಿನ ಸಂದಿಗೆ ಮಾತ್ರ ಸಾಮಾನ್ಯ ಫೋಮ್ ಬಳಸದೆ ಲೋಹದ ತಗಡು ಮತ್ತು ಶಾಖ ತಾಳುವ ಸೀಲಂಟ್ ಬಳಸಬೇಕು. ಇದಾದ ಮೇಲಷ್ಟೇ ಅಟ್ಟದ ನೆಲಕ್ಕೆ ಉಷ್ಣನಿರೋಧಕ ಹೊದಿಕೆ ಹೆಚ್ಚಿಸಿ. ಸಂದುಗಳನ್ನು ಹಾಗೆಯೇ ಬಿಟ್ಟು ಮೇಲೆ ಗಾಜಿನ ನಾರಿನ ಹೊದಿಕೆ ಹಾಸಿದರೆ ಗಾಳಿ ಅದರ ಮೂಲಕವೇ ಸೋಸಿಕೊಂಡು ಮೇಲೇರುತ್ತದೆ.

ಈ ಚಳಿಗಾಲಕ್ಕೆ ಅಷ್ಟೆಲ್ಲ ಮಾಡಲು ಸಮಯವಿಲ್ಲದಿದ್ದರೆ ಕೊಳವೆ ಮತ್ತು ಅಟ್ಟದ ಬಾಗಿಲು ಎರಡನ್ನಾದರೂ ಮುಗಿಸಿ. ನೀವಿಲ್ಲದ ವಾರಗಳಲ್ಲಿ ಸ್ನಾನ, ಅಡುಗೆ ನಡೆಯುವುದಿಲ್ಲವಾದ್ದರಿಂದ ತೇವ ತಾನಾಗಿಯೇ ಕಡಿಮೆಯಿರುತ್ತದೆ. ಒಡ್ಡು ಕಟ್ಟಿದಾಗ ಏಣಿ ಹತ್ತಿ ಸುತ್ತಿಗೆಯಿಂದ ಕುಟ್ಟುವವರು ಹೊದಿಕೆಯನ್ನೂ ಒಡೆಯುತ್ತಾರೆ, ಜಾರಿಯೂ ಬೀಳುತ್ತಾರೆ. ಕಲ್ಲುಪ್ಪು ಸುರಿದರೆ ಲೋಹ ತುಕ್ಕು ಹಿಡಿದು, ಕೆಳಗಿನ ಗಿಡಗಳೂ ಸಾಯುತ್ತವೆ. ಉದ್ದ ಕೋಲಿನ ಹಿಮಗೋರೆಯಿಂದ, ನೆಲದ ಮೇಲೆ ನಿಂತೇ, ಸೂರಿನ ಕಡೆಯ ಹಿಮವನ್ನು ಎಳೆದು ಹಾಕುವುದು ಸುರಕ್ಷಿತ. ಕರೆಂಟಿನ ತಂತಿ ಹತ್ತಿರವಿದ್ದರೆ ಅದೂ ಬೇಡ.

ಮತ್ತೊಬ್ಬರು

ನಾವು ನಮ್ಮ ಕಾಡಿನ ಅಂಚಿನ ಮರದ ಮನೆಯನ್ನು ಪ್ರತಿ ಚಳಿಗಾಲ ನೀರು ಖಾಲಿ ಮಾಡಿ, ಹೀಟರ್ ಆರಿಸಿಯೇ ಬಿಡುತ್ತೇವೆ. ಈವರೆಗೆ ಏನೂ ಆಗಿಲ್ಲ. ಖಾಲಿ ಮನೆಯನ್ನು ಕಾಯಿಸುವ ಖರ್ಚು ಏಕೆ ಎಂಬುದು ನನ್ನ ಪ್ರಶ್ನೆ.

ಕಟ್ಟಡದ ಕೆಲಸದಲ್ಲಿ ಪಳಗಿದವರೊಬ್ಬರು

ನಿಮ್ಮ ಮರದ ಮನೆಗೆ ಅದು ಸರಿಯಿರಬಹುದು, ಏಕೆಂದರೆ ಅಂಥ ಮನೆಗಳನ್ನು ಚಳಿಯಲ್ಲಿ ಮುಚ್ಚಿಡುವುದಕ್ಕೆಂದೇ, ಗಟ್ಟಿ ನೆಲದ ಮೇಲೆ ಕಂಬಗಳ ಆಧಾರದಲ್ಲಿ ಕಟ್ಟಿರುತ್ತಾರೆ. ಆದರೆ ಪ್ರಶ್ನೆ ಕೇಳಿದವರದು ಹಳೆಯ ಇಟ್ಟಿಗೆ ಮನೆ, ಅದಕ್ಕೆ ನೆಲಮಾಳಿಗೆಯೂ ಇದ್ದರೆ ವಿಷಯ ಬೇರೆಯಾಗುತ್ತದೆ. ನೆಲಮಾಳಿಗೆಯ ಬಿಸಿ ಸುತ್ತಲಿನ ಮಣ್ಣಿಗೆ ಹರಿಯುತ್ತಿರುತ್ತದೆ ಎಂಬ ನಂಬಿಕೆಯ ಮೇಲೆ ಹಲವು ತಳಪಾಯಗಳು ನಿಂತಿವೆ. ಹೀಟರ್ ಆರಿಸಿ ವಾರಗಟ್ಟಲೆ ಬಿಟ್ಟರೆ ಗೋಡೆಯ ಹೊರಗಿನ, ಕೆಲವೊಮ್ಮೆ ನೆಲದ ಅಡಿಯ ಮಣ್ಣೂ ಹೆಪ್ಪುಗಟ್ಟುತ್ತದೆ. ನುಣ್ಣನೆಯ ಕಣಗಳ ಒದ್ದೆ ಮಣ್ಣಾದರೆ ಅದು ಕೆಳಗಿನಿಂದ ನೀರನ್ನು ಹೀರುತ್ತ ಪದರ ಪದರವಾಗಿ ಮಂಜುಗಡ್ಡೆ ಬೆಳೆಸಿಕೊಂಡು, ನೆಲವನ್ನೂ ತಳಪಾಯವನ್ನೂ ಮೇಲಕ್ಕೆತ್ತಿ ಬಿರುಕು ಬಿಡಿಸುತ್ತದೆ. ನೀರು ಹಿಗ್ಗುವ ಶೇಕಡಾ 9 ಇದರ ಮುಂದೆ ಏನೂ ಅಲ್ಲ. ಒಳಗೋಡೆಯ ಗಾರೆ, ಟೈಲುಗಳು, ಮರದ ನೆಲ ಇವೂ ಒಮ್ಮೆಲೇ ಚಳಿ, ಒಮ್ಮೆಲೇ ಬಿಸಿ ಎಂಬ ಹೊಯ್ದಾಟವನ್ನು ಇಷ್ಟಪಡುವುದಿಲ್ಲ. ಆದ್ದರಿಂದ ಸಣ್ಣಗೆ ಹೀಟರ್ ಇಡಿ ಎಂಬ ಮಾತಿಗೆ ನನ್ನದೂ ಒಪ್ಪಿಗೆ.

ಹೊರಗೋಡೆಯ ವಿಷಯಕ್ಕೆ ಬಂದರೆ, ಒಣಗಿದ ಇಟ್ಟಿಗೆಗೆ ಚಳಿಯಿಂದ ಭಯವಿಲ್ಲ. ನೀರು ಕುಡಿದ ಇಟ್ಟಿಗೆ ಹೆಪ್ಪುಗಟ್ಟಿ ಕರಗಿ ಹೆಪ್ಪುಗಟ್ಟಿದಾಗ ಅದರ ಮುಖ ಚಕ್ಕೆಯಾಗಿ ಉದುರುತ್ತದೆ. ಹಳೆಯ ಮೆತ್ತನೆಯ ಇಟ್ಟಿಗೆಗಳ ಸಂದಿಗೆ ಗಟ್ಟಿ ಸಿಮೆಂಟ್ ತುಂಬಿಸಿದರೆ, ಮೊದಲು ಸುಣ್ಣದ ಗಾರೆಯ ಮೂಲಕ ಆರುತ್ತಿದ್ದ ತೇವ ಇಟ್ಟಿಗೆಯ ಮೂಲಕವೇ ಆರಬೇಕಾಗಿ ಬಂದು, ಸಿಮೆಂಟ್ ಗೆರೆಗಳು ಎದ್ದುನಿಂತು ನಡುವಿನ ಇಟ್ಟಿಗೆ ಸವೆದುಹೋಗುತ್ತದೆ. ನೀರು ತಡೆಯುವ ಪೇಂಟು ಬಳಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ. ಬಿರುಕುಗಳಿಗೆ ಸುಣ್ಣದ ಗಾರೆಯನ್ನೇ ತುಂಬಿಸಿ, ಆದರೆ ಕಡುಚಳಿ ಶುರುವಾದ ಮೇಲೆ ಈ ಕೆಲಸಕ್ಕೆ ಕೈಹಾಕಬೇಡಿ. ಹಸಿ ಗಾರೆ ಗಟ್ಟಿಯಾಗುವ ಮೊದಲೇ ಹೆಪ್ಪುಗಟ್ಟಿದರೆ ಪುಡಿಯಾಗುತ್ತದೆ.

ಈಗ ಮಾಡಬಹುದಾದದ್ದು ನೀರಿನ ದಾರಿ ಸರಿಪಡಿಸುವುದು. ಸೂರಿನ ದೋಣಿಗಳಲ್ಲಿ ತುಂಬಿದ ಎಲೆಗಳನ್ನು ತೆಗೆಯಿರಿ, ಇಳಿಕೊಳವೆಯ ಬಾಯಿಯನ್ನು ಗೋಡೆಯಿಂದ ದೂರಕ್ಕೆ ಒಯ್ಯಿರಿ, ಗೋಡೆಯ ಬುಡದ ಮಣ್ಣು ಹೊರಕ್ಕೆ ಇಳಿಜಾರಾಗಿರಲಿ. ಮೊದಲ ಮೂರು ಮೀಟರಿನಲ್ಲಿ 15 ಸೆಂಟಿಮೀಟರಿನಷ್ಟು ಇಳುಕಲಿದ್ದರೆ ಚೆನ್ನಾಗಿ ಸಾಕು.

ಹೀಟಿಂಗ್ ಯಂತ್ರಗಳ ದುರಸ್ತಿ ಮಾಡುವವರೊಬ್ಬರು

ಒಂದು ವಿಷಯ ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. ಹೊಸ ಮಾದರಿಯ ಕಂಡೆನ್ಸಿಂಗ್ ಬಾಯ್ಲರುಗಳಲ್ಲಿ, ಅಂದರೆ ಹೊಗೆಯಲ್ಲಿರುವ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಬಳಸುವ ಬಾಯ್ಲರುಗಳಲ್ಲಿ, ಆ ನೀರು ಹನಿಹನಿಯಾಗಿ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಹೊರಬರುತ್ತದೆ. ಆ ಕೊಳವೆ ಮನೆಯ ಹೊರಗೆ ಹಾದಿದ್ದರೆ ಅತಿ ಚಳಿಯ ದಿನವೇ ಹೆಪ್ಪುಗಟ್ಟಿ, ನೀರು ಹಿಂದಕ್ಕೆ ನಿಂತು ಯಂತ್ರ ತಾನಾಗಿ ಆಫ್ ಆಗುತ್ತದೆ. ಅದಕ್ಕೆ ಹೊದಿಕೆ ಹಾಕಿಸಿ; ಸಾಧ್ಯವಾದರೆ ಒಳಗಿನ ಚರಂಡಿಗೇ ಸೇರಿಸಿ. ಕೀಲಿಕೈ ಇಟ್ಟುಕೊಂಡವರಿಗೆ ಗೋಡೆಯಲ್ಲಿರುವ ಹೊಗೆಬಾಯಿ, ಗಾಳಿಬಾಯಿಗಳನ್ನು ತೋರಿಸಿ, ಹಿಮ ರಾಶಿ ಬಿದ್ದಾಗ ಅವುಗಳ ಸುತ್ತ ತೆರವು ಮಾಡಲು ಹೇಳಿ. ಹೊಗೆಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅಲಾರಂ ಇಲ್ಲದೆ ಗೊತ್ತಾಗುವುದಿಲ್ಲ. ವಿದ್ಯುತ್ ಹೋದಾಗ ಜನರೇಟರನ್ನು ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ಚಾಲೂ ಮಾಡಬಾರದೆಂಬುದೂ ಇದೇ ಕಾರಣಕ್ಕೆ.

ಪೈಪಿಗೆ ಸುತ್ತುವ ಬಿಸಿ ಕೇಬಲ್ ಬಳಸುವವರು ಚಳಿಗೆ ತಕ್ಕಂತೆ ತಾನೇ ಹೆಚ್ಚು ಕಡಿಮೆಯಾಗುವ ಮಾದರಿಯನ್ನು ಕೊಳ್ಳಿ. ಒಂದೇ ಸಮ ಬಿಸಿಯಾಗುವ ಹಳೆಯ ಮಾದರಿಯನ್ನು ಒಂದರ ಮೇಲೊಂದು ಸುತ್ತಿದರೆ ಬೆಂಕಿ ಹತ್ತುವ ಅಪಾಯವಿದೆ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನೀರು ಖಾಲಿ ಮಾಡಿ, ಹೀಟರನ್ನು 13 ಡಿಗ್ರಿಗೆ ಇಟ್ಟು ಹೋಗುವುದೆಂದು ತೀರ್ಮಾನಿಸಿದ್ದೇನೆ. ಫ್ಯಾನಿನ ಕೊಳವೆಯ ಕೆಲಸಕ್ಕೆ ಜನ ಬರುತ್ತಿದ್ದಾರೆ. ಇನ್ನು ಉಳಿದದ್ದು ಒಂದೇ ಅನುಮಾನ: ಮರಳಿ ಬಂದಾಗ ನೀರು ಬಿಡುವ ಕ್ರಮವೇನು, ಎಲ್ಲಾದರೂ ಹೆಪ್ಪುಗಟ್ಟಿದ್ದು ಕಂಡರೆ ಏನು ಮಾಡಬೇಕು?

ಕೊಳಾಯಿ ಕೆಲಸ ಮಾಡುವವರು

ಬಂದ ಕೂಡಲೇ ವಾಲ್ವ್ ತಿರುಗಿಸಬೇಡಿ. ಮೊದಲು ಹೀಟರನ್ನು ಹೆಚ್ಚಿಸಿ, ಮನೆ ಪೂರ್ತಿ ಬೆಚ್ಚಗಾದ ಮೇಲೆ ಪೈಪುಗಳು ಕಾಣುವ ಕಡೆಯೆಲ್ಲ ಕಣ್ಣಾಡಿಸಿ. ಆಮೇಲೆ ನಲ್ಲಿಗಳನ್ನು ತೆರೆದೇ ಇಟ್ಟು ಮೇನ್ ವಾಲ್ವನ್ನು ಕಾಲು ಭಾಗದಷ್ಟು ಮಾತ್ರ ತಿರುಗಿಸಿ, ಒಬ್ಬರು ವಾಲ್ವ್ ಬಳಿ ನಿಂತಿರಲಿ, ಇನ್ನೊಬ್ಬರು ಕೋಣೆ ಕೋಣೆಗೂ ಹೋಗಿ ಕಿವಿಗೊಟ್ಟು ಕೇಳಲಿ. ಗಡ್ಡೆಯೇ ತಡೆಯಾಗಿ ನಿಂತಿದ್ದ ಸೀಳು ಅದು ಕರಗಿದ ಮೇಲಷ್ಟೇ ಸೋರಲು ಶುರುವಾಗುತ್ತದೆ, ಹಾಗಾಗಿ ಮೊದಲ ಹತ್ತು ನಿಮಿಷ ಏನೂ ಕಾಣದಿದ್ದರೂ ವಾಲ್ವ್ ಬಿಟ್ಟು ಹೋಗಬೇಡಿ. ಒಂದೊಂದು ನಲ್ಲಿಯಲ್ಲಿಯೂ ಗಾಳಿ ಸಿಡಿಯುವುದು ನಿಂತು ನೀರು ಸಲೀಸಾಗಿ ಬಂದ ಮೇಲೆ ಅದನ್ನು ಮುಚ್ಚುತ್ತ ಬನ್ನಿ.

ಎಲ್ಲಾದರೂ ಗಡ್ಡೆ ಕಟ್ಟಿದ್ದು ಕಂಡರೆ ಆ ಸಾಲಿನ ನಲ್ಲಿಯನ್ನು ತೆರೆದಿಟ್ಟು, ಹೇರ್ ಡ್ರೈಯರಿನಿಂದ ನಲ್ಲಿಯ ಕಡೆಯಿಂದ ಶುರುಮಾಡಿ ಗಡ್ಡೆಯ ಕಡೆಗೆ ಹೋಗಿ. ನಡುವಿನಿಂದ ಕಾಯಿಸಿದರೆ ಕರಗಿದ ನೀರಿಗೆ, ಆವಿಗೆ ಹೋಗಲು ದಾರಿ ಇರುವುದಿಲ್ಲ. ಬ್ಲೋ ಟಾರ್ಚ್ ಅಥವಾ ಬೇರೆ ಯಾವುದೇ ಬೆಂಕಿಯ ಸಹವಾಸ ಬೇಡ; ಗೋಡೆಯೊಳಗಿನ ಒಣ ಮರಕ್ಕೆ ಕಿಡಿ ತಗುಲಿದ್ದು ಹೊರಗೆ ಗೊತ್ತಾಗುವಾಗ ತಡವಾಗಿರುತ್ತದೆ.

ನೀರು ಕಾಯಿಸುವ ಹೀಟರಿನ ಸ್ವಿಚ್ಚನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಟ್ಯಾಂಕು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಸತತವಾಗಿ ಬರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ವಿದ್ಯುತ್ ಕೊಡಿ; ಖಾಲಿ ಟ್ಯಾಂಕಿಗೆ ಕರೆಂಟು ಕೊಟ್ಟರೆ ಒಳಗಿನ ಕಾಯಿಲ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.